ಎಂ.ಎ. ಓದಿಗೆ ಅನ್ನ ಹಾಕಿದವರು ಯಾರು?

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿ ಮುಂದೆ ಸಾಗಿದರೆ ಹಿರೀಸಾವೆ ಸಿಗುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರ ಇದು. ಸುತ್ತಲೂ ತೆಂಗಿನ ತೋಟಗಳು, ರಾಗಿಯ ಹೊಲಗಳು. ಇಂಥ ಊರಿನ ಒಂದು ಮನೆಯಲ್ಲಿ ಪದವಿ ಮುಗಿಸಿದ ಮಗನೋ ಮಗಳೋ "ನಾನು ಎಂ.ಎ. ಓದುತ್ತೇನೆ" ಎಂದರೆ, ತಂದೆತಾಯಿ ಮೊದಲು ಕೇಳುವುದು "ಫೀಸು ಎಷ್ಟಂತೆ?" ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ನಮ್ಮ ನಾಡಿನ ಉನ್ನತ ಶಿಕ್ಷಣದ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದ ಹಳ್ಳಿಯ ಮಕ್ಕಳನ್ನು ಹೆಚ್ಚು ಕಾಡಿದ್ದು ಫೀಸಲ್ಲ, ಎರಡು ಹೊತ್ತಿನ ಊಟ ಮತ್ತು ರಾತ್ರಿ ಮಲಗಲು ಒಂದು ಜಾಗ ಎಂಬುದು ತಿಳಿಯುತ್ತದೆ. ಆ ಊಟವನ್ನು ಯಾರು ಹಾಕಿದರು ಎಂಬುದನ್ನು ಹುಡುಕುತ್ತಾ ಹೋದರೆ ಯಾರು ಓದಿದರು, ಯಾರು ಓದಲಾಗಲಿಲ್ಲ ಎಂಬುದೂ ಕಾಣಿಸತೊಡಗುತ್ತದೆ.

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಹೊಸ ವಿಶ್ವವಿದ್ಯಾಲಯಕ್ಕೆ ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡು ಕಣ್ಣುಗಳಾದವು. ವಿಶ್ವೇಶ್ವರಯ್ಯನವರಿಗೆ ಬಡತನದ ಓದು ಏನೆಂಬುದು ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸುತ್ತಿದ್ದರು. ಬಿ.ಎ. ಆದಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದಲೇ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಲು ಸಾಧ್ಯವಾಯಿತು. ವಿದ್ಯಾರ್ಥಿವೇತನ ಪಡೆದು ಓದಿದವರೊಬ್ಬರು ಮುಂದೆ ನಾಡಿಗೆ ವಿಶ್ವವಿದ್ಯಾಲಯ ತಂದರು.

ವಿಶ್ವವಿದ್ಯಾಲಯವೇನೋ ಬಂತು, ಆದರೆ ಅದು ಮೈಸೂರು, ಬೆಂಗಳೂರುಗಳಲ್ಲಿತ್ತು. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರಗಳ ಹುಡುಗ ಊರು ಬಿಟ್ಟೇ ಓದಬೇಕಿತ್ತು. ಊರು ಬಿಟ್ಟವನಿಗೆ ಊಟ ಎಲ್ಲಿ?

ಆ ಕಾಲದ ಒಂದು ಉತ್ತರ ವಾರಾನ್ನ. ನಿಮ್ಮಲ್ಲಿ ಅನೇಕರು ಈ ಮಾತನ್ನು ಅಜ್ಜನ ಬಾಯಿಂದ ಕೇಳಿರಬಹುದು. ಬಡ ವಿದ್ಯಾರ್ಥಿ ಏಳು ಮನೆಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರ ತುಂಬಬೇಕು. ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ನೀರು ಕುಡಿದು ಮಲಗಬೇಕು. ಮನೆಯವರು ಊರಿಗೆ ಹೋದರೆ, ಮನೆಯಲ್ಲಿ ಸೂತಕವಾದರೆ ಆ ವಾರವೂ ಹೋಯಿತು. ಅನ್ನ ಹಾಕಿದ ಮನೆಯಲ್ಲಿ ನೀರು ಸೇದುವುದು, ಅಂಗಡಿಗೆ ಹೋಗಿಬರುವುದು, ಮಕ್ಕಳಿಗೆ ಪಾಠ ಹೇಳುವುದು ಇವೆಲ್ಲ ಬಾಯಿ ಬಿಟ್ಟು ಹೇಳದ ಕರಾರುಗಳು. ಮನಸ್ಸಿನಿಂದ ಬಡಿಸಿದ ತಾಯಂದಿರು ಬಹಳ ಮಂದಿ ಇದ್ದರು. ಹಂಗಿನ ಅನ್ನ ನುಂಗಿದ ಹುಡುಗರೂ ಬಹಳ. ಇನ್ನೊಂದು ಮಾತನ್ನೂ ಹೇಳಬೇಕು. ಈ ವ್ಯವಸ್ಥೆ ಹೆಚ್ಚಾಗಿ ಬ್ರಾಹ್ಮಣ ಹುಡುಗರದ್ದು. ಬೇರೆ ಜಾತಿಯ ಹುಡುಗನಿಗೆ ಆ ಅಡುಗೆಮನೆಗಳ ಬಾಗಿಲು ತೆರೆದಿರಲಿಲ್ಲ, ಹೆಣ್ಣುಮಗಳು ವಾರ ಹಚ್ಚಿಕೊಂಡು ಓದುವ ಮಾತಂತೂ ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಈ ದಾರಿಯಲ್ಲಿ ನಡೆದವರಲ್ಲಿ ಹಿರೀಸಾವೆಯದೇ ತಾಲ್ಲೂಕಿನ ಒಬ್ಬರ ಕತೆಯನ್ನು ನೀವು ತಿಳಿಯಬೇಕು. ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಬಾಲ್ಯದಲ್ಲೇ ಪ್ಲೇಗು ಅವರ ತಾಯಿಯನ್ನೂ ಒಡಹುಟ್ಟಿದವರನ್ನೂ ಕಿತ್ತುಕೊಂಡಿತು. ಮನೆಯ ಆಸರೆ ಇಲ್ಲದೆ ಭಿಕ್ಷಾನ್ನ, ವಾರಾನ್ನಗಳಲ್ಲಿ ಓದು ಸಾಗಿತು. ನಡುವೆ ಶಾಲೆ ಬಿಟ್ಟು ಅಲೆದರು. ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಸಾಮಾನು ಹೊತ್ತರು. ಸಾಧುಗಳ ಜೊತೆ ಕೆಲವು ತಿಂಗಳು ತಿರುಗಿದರು. ಮತ್ತೆ ಮೈಸೂರಿಗೆ ಬಂದು ಓದು ಹಿಡಿದರು. 1950ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಎಂ.ಎ. ಪಡೆದರು, ಮುಂದೆ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. 1996ರಲ್ಲಿ ಪ್ರಕಟವಾದ ಆತ್ಮಕತೆ 'ಭಿತ್ತಿ'ಯಲ್ಲಿ ಈ ದಿನಗಳನ್ನೆಲ್ಲ ಅವರೇ ಬರೆದಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಅವರ ಕಾದಂಬರಿಗಳ ಬಗ್ಗೆ ನಾಡೆಲ್ಲ ಮಾತನಾಡಿತು. 'ಭಿತ್ತಿ'ಯನ್ನು ಒಂದು ಖರ್ಚಿನ ಲೆಕ್ಕವಾಗಿಯೂ ಓದಬಹುದು. ಆ ಲೆಕ್ಕದಲ್ಲಿ ಪದೇ ಪದೇ ಬರುವುದು ಹಸಿವು.

ಭೈರಪ್ಪನವರಂಥವರು ಗೆದ್ದರು ಎಂದು ಹೇಳಿ ನಾವು ಸಾಮಾನ್ಯವಾಗಿ ಚಪ್ಪಾಳೆ ತಟ್ಟುತ್ತೇವೆ. ಅವರ ಜೊತೆಗೆ ಹೊರಟು ನಡುದಾರಿಯಲ್ಲಿ ಊರಿಗೆ ಮರಳಿದವರು ಎಷ್ಟು ಮಂದಿಯೋ? ಅವರು ಆತ್ಮಕತೆ ಬರೆಯಲಿಲ್ಲ.

ಹಣವಿದ್ದ ಮನೆಯ ಹುಡುಗನಿಗೂ ಜಾಗದ ತೊಂದರೆ ತಪ್ಪಿರಲಿಲ್ಲ. ಕುವೆಂಪು ಅವರು ಕುಪ್ಪಳಿಯ ಜಮೀನುದಾರರ ಮನೆಯವರು. ಮೈಸೂರಿನಲ್ಲಿ ಓದುತ್ತಿದ್ದಾಗ ಕಾಯಿಲೆ ಬಿದ್ದ ಅವರನ್ನು 1926ರಲ್ಲಿ ಶ್ರೀರಾಮಕೃಷ್ಣಾಶ್ರಮಕ್ಕೆ ಕರೆದೊಯ್ದವರು ಸ್ವಾಮಿ ಸಿದ್ಧೇಶ್ವರಾನಂದರು. ಕನ್ನಡ ಎಂ.ಎ. ತರಗತಿ ಪ್ರಾರಂಭವಾದದ್ದು 1927ರಲ್ಲಿ. ಮೊದಲ ತಂಡದಲ್ಲೇ ಸೇರಿ 1929ರಲ್ಲಿ ಕುವೆಂಪು ಪದವಿ ಪಡೆದದ್ದು ಆ ಆಶ್ರಮದಲ್ಲಿದ್ದುಕೊಂಡೇ.

ವಾರಾನ್ನದ ಬಾಗಿಲು ತೆರೆಯದ ಸಮುದಾಯಗಳು ತಮ್ಮ ಬಾಗಿಲುಗಳನ್ನು ತಾವೇ ಕಟ್ಟಿಕೊಂಡವು. 1906ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಹಳ್ಳಿಯ ಹುಡುಗರಿಗೆ ವಿದ್ಯಾರ್ಥಿನಿಲಯ ನಡೆಸಿತು. 1941ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ತುಮಕೂರಿನ ಸಿದ್ಧಗಂಗೆಯ ದಾಸೋಹವನ್ನು ನಾನು ಬಣ್ಣಿಸಬೇಕಾಗಿಲ್ಲ. ಹಿರೀಸಾವೆಗೆ ಹತ್ತಿರವೇ ಇರುವ ಆದಿಚುಂಚನಗಿರಿ ಮಠವು 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಶಿಕ್ಷಣಕ್ಕೆ ದೊಡ್ಡದಾಗಿ ಕೈಹಾಕಿತು. ದಲಿತ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ವಿದ್ಯಾರ್ಥಿನಿಲಯವಿತ್ತು. ಕವಿ ಸಿದ್ಧಲಿಂಗಯ್ಯನವರು ಅಲ್ಲಿದ್ದು ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದರು. ಅವರ 'ಊರುಕೇರಿ'ಯನ್ನು 'ಭಿತ್ತಿ'ಯ ಪಕ್ಕದಲ್ಲಿಟ್ಟು ಓದಿ. ಒಂದೇ ಹಸಿವು ಎರಡು ಬೇರೆ ಬೇರೆ ಬೀದಿಗಳಲ್ಲಿ ಹೇಗೆ ನಡೆದಾಡಿತೆಂಬುದು ಗೊತ್ತಾಗುತ್ತದೆ. ಈ ವಿದ್ಯಾರ್ಥಿನಿಲಯಗಳು ಇರದಿದ್ದರೆ ಹಳೆಯ ಮೈಸೂರಿನ ಹಳ್ಳಿಗಳಿಂದ ಒಂದು ತಲೆಮಾರಿನ ಮೇಷ್ಟ್ರುಗಳು, ವಕೀಲರು, ಅಧಿಕಾರಿಗಳು ಬರುತ್ತಿರಲಿಲ್ಲವೆಂಬುದು ನಿಜ. ಅಷ್ಟೇ ನಿಜವಾದದ್ದು, ಸ್ವಂತ ಮಠವಾಗಲಿ ಸಂಘವಾಗಲಿ ಇಲ್ಲದ ಸಣ್ಣ ಸಮುದಾಯಗಳ ಮಕ್ಕಳು ಹೊರಗೇ ಉಳಿದರೆಂಬುದು.

ಅಲ್ಲಿ ಸರ್ಕಾರ ಬರಬೇಕಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯನ್ನು ನೀವು ಪಠ್ಯಪುಸ್ತಕದಲ್ಲಿ ನೌಕರಿಯ ಮೀಸಲಾತಿಗಾಗಿ ಓದಿರುತ್ತೀರಿ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಬೇಕೆಂದೂ ಅದು ಹೇಳಿತ್ತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪ್ರಾರಂಭವಾದದ್ದು 1944ರಲ್ಲಿ, ಬ್ರಿಟಿಷರ ಆಳ್ವಿಕೆಯ ಕಡೆಯ ದಿನಗಳಲ್ಲಿ. 1972ರಲ್ಲಿ ದೇವರಾಜ ಅರಸು ಅವರ ಸರ್ಕಾರ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಬಳಿಕ ಸರ್ಕಾರಿ ವಿದ್ಯಾರ್ಥಿನಿಲಯಗಳು ತಾಲ್ಲೂಕುಗಳಿಗೂ ಹರಡಿದವು. ಇದರ ನಡುವೆ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣವನ್ನು ತಂದಿತು. ಊರಿನಲ್ಲೇ ಶಾಲೆಯ ಮೇಷ್ಟ್ರಾಗಿದ್ದುಕೊಂಡು, ಮನೆಯ ಊಟ ಉಂಡು, ಎಂ.ಎ. ಕಟ್ಟಬಹುದಾಯಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 2015ರಿಂದ ಸುಮಾರು ಮೂರು ವರ್ಷ ಅದರ ಮಾನ್ಯತೆಗೇ ಕುತ್ತು ಬಂದಾಗ, ಕಡಿಮೆ ಖರ್ಚಿನ ಪದವಿಗೆ ಎಷ್ಟು ದೊಡ್ಡ ಬೆಲೆ ಇರಬಹುದೆಂಬುದನ್ನು ಸಾವಿರಾರು ಮಂದಿ ಕಂಡರು. 2018ರಲ್ಲಿ ಮಾನ್ಯತೆ ಮರಳಿತು.

ಇನ್ನು ಫೀಸಿನ ವಿಷಯ. 1993ರಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನ ಒಂದು ಪಾಲನ್ನು ತಾವೇ ಸಂಪಾದಿಸಬೇಕು, ಹತ್ತು ವರ್ಷಗಳಲ್ಲಿ ಅದು ಶೇಕಡ 25ಕ್ಕಾದರೂ ಏರಬೇಕು ಎಂದು ಸಲಹೆ ಮಾಡಿತು. ಹಾಗೆ ಸಂಪಾದಿಸಲು ಇರುವ ಸುಲಭದ ದಾರಿ ವಿದ್ಯಾರ್ಥಿಯ ಜೇಬು. ಸಾಮಾನ್ಯ ಸೀಟುಗಳ ಪಕ್ಕದಲ್ಲಿ ಹೆಚ್ಚು ಶುಲ್ಕದ 'ಸ್ವಹಣಕಾಸು' ಸೀಟುಗಳು ಬಂದವು. ಸರ್ಕಾರಿ ವಿಶ್ವವಿದ್ಯಾಲಯದ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಬೇರೆ ಬೇರೆ ಹಣ ಕಟ್ಟುವುದು ಹೀಗೆ ರೂಢಿಯಾಯಿತು.

ಈಗ ಹಿರೀಸಾವೆಯ ಮನೆಗೆ ಮರಳೋಣ. ತೋಟವಿರುವ ಮನೆಯಲ್ಲಿ ಹಣ ಎಂದರೆ ಅಟ್ಟದ ಮೇಲಿನ ಕಾಯಿ. ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಒಣಗಬೇಕು. ಕಾಲೇಜಿನ ಪ್ರವೇಶದ ಕೊನೆಯ ದಿನ ಕೊಬ್ಬರಿಯ ದರ ನೋಡಿಕೊಂಡು ಬರುವುದಿಲ್ಲ. ತಿಪಟೂರಿನಲ್ಲಿ ಬೆಲೆ ಬಿದ್ದಿದ್ದರೂ ಆ ವಾರವೇ ಮೂಟೆ ಕಟ್ಟಬೇಕು, ಇಲ್ಲವೆ ಕೈಸಾಲ ಮಾಡಬೇಕು. ವಿದ್ಯಾರ್ಥಿವೇತನ ಬರುತ್ತದೆಯಲ್ಲ ಎನ್ನಬಹುದು. ಬರುತ್ತದೆ, ಆದರೆ ಬಹಳ ಸಲ ಮೆಸ್ ಬಿಲ್ಲು ಅದಕ್ಕಿಂತ ಮೊದಲು ಬರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಆಗಬೇಕು, ಅದರ ಸಂಖ್ಯೆ ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಹೊಂದಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಮೂರರಲ್ಲಿ ಒಂದು ಕಡೆ ಹೆಸರಿನ ಒಂದಕ್ಷರ ತಪ್ಪಿದರೂ ಅರ್ಜಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಪದವಿಯ ಕೊನೆಯ ಸೆಮಿಸ್ಟರಿನಲ್ಲಿರುವಾಗಲೇ ಈ ಕಾಗದಗಳನ್ನೆಲ್ಲ ಒಮ್ಮೆ ಹೋಲಿಸಿ ನೋಡಿಕೊಳ್ಳಿ. ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ 2013ರಲ್ಲಿ ತಂದ 'ವಿದ್ಯಾಸಿರಿ' ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಊಟ, ವಸತಿಯ ನೆರವನ್ನು ಗೊತ್ತುಮಾಡಿತು. ದಿನಕ್ಕೆ ಐವತ್ತು ರೂಪಾಯಿ. ಹಳೆಯ ವಾರಾನ್ನದ ಜಾಗಕ್ಕೆ ಸರ್ಕಾರ ಬಂದಿತೆಂಬುದೇ ದೊಡ್ಡ ಮಾತು, ಆದರೆ ಐವತ್ತು ರೂಪಾಯಿಯಲ್ಲಿ ಮೈಸೂರಿನಲ್ಲಿ ಎಷ್ಟು ಹೊತ್ತು ಉಣ್ಣಬಹುದೆಂಬುದನ್ನು ನೀವೇ ಲೆಕ್ಕ ಹಾಕಿ.

ಕಾಣದ ಖರ್ಚೊಂದಿದೆ. ಓದುವ ಎರಡು ವರ್ಷ ದುಡಿಮೆ ಇಲ್ಲ. 2024ರ ಜನವರಿಯಲ್ಲಿ ಜಾರಿಗೆ ಬಂದ 'ಯುವನಿಧಿ'ಯ ನಿಯಮ ನೋಡಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಓದು ಮುಂದುವರಿಸಿದವರಿಗೆ ಇಲ್ಲ. ಎರಡು ವರ್ಷಕ್ಕೆ ಅದು 72,000 ರೂಪಾಯಿ. ಎಂ.ಎ.ಗೂ ಎರಡೇ ವರ್ಷ. ಬಡ ಮನೆಯ ಲೆಕ್ಕದಲ್ಲಿ ಈ ಹಣವೂ ಓದಿನ ಖರ್ಚಿಗೇ ಸೇರುತ್ತದೆ. ಮುಂದೆ ಪಿಎಚ್.ಡಿ. ಹಂತದಲ್ಲಿ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಷಿಪ್ ದೊರೆತರೆ ಸಂಗತಿಯೇ ಬೇರೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಅಲ್ಲಿಯವರೆಗೆ ದಾಟಬೇಕಾದ ಹೊಳೆ ಈ ಎರಡು ವರ್ಷ.

ಈ ಹೊಳೆಗೆ ಒಂದು ಸೇತುವೆಯೆಂದರೆ ಹತ್ತಿರದ ತರಗತಿ. ಮೈಸೂರು ವಿಶ್ವವಿದ್ಯಾಲಯ ಹಾಸನದಲ್ಲಿ ಹೇಮಗಂಗೋತ್ರಿ ಎಂಬ ಸ್ನಾತಕೋತ್ತರ ಕೇಂದ್ರವನ್ನು ತೆರೆದಾಗ ಜಿಲ್ಲೆಯ ಮಕ್ಕಳ ಖರ್ಚಿನ ಸ್ವರೂಪವೇ ಬದಲಾಯಿತು. ಊಟದ ಲೆಕ್ಕ ಮನೆಗೆ ಸೇರಿ, ಬಸ್ಸಿನ ಲೆಕ್ಕ ಉಳಿಯಿತು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದಮೇಲೆ ಹೆಣ್ಣುಮಕ್ಕಳ ಬಸ್ಸಿನ ಲೆಕ್ಕವೂ ಅಳಿಯಿತು. ವಾರಾನ್ನದ ಕಾಲದಲ್ಲಿ ಯಾರ ಎಣಿಕೆಗೂ ಸಿಗದಿದ್ದ ಹುಡುಗಿಗೆ ಎಂ.ಎ. ಓದು ಇಷ್ಟು ಅಗ್ಗವಾದದ್ದು ಇದೇ ಮೊದಲು. ಅದೇ ವರ್ಷ ಹೇಮಗಂಗೋತ್ರಿ ಹಾಸನ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರವರಿಯಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ, ಹಾಸನವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿ ಅಭಿಪ್ರಾಯಪಟ್ಟಿತು, ಅದಕ್ಕೆ ವಿರೋಧವೂ ಬಂತು. ಬಾಗಿಲಿನ ಮೇಲೆ ಮೈಸೂರಿನ ಫಲಕವಿರಲಿ, ಹಾಸನದ ಫಲಕವಿರಲಿ, ವಿದ್ಯಾರ್ಥಿಯ ಖರ್ಚಿನಲ್ಲಿ ಅಂಥ ವ್ಯತ್ಯಾಸವಾಗದು. ಒಳಗೆ ತರಗತಿ ನಡೆಯುತ್ತದೆಯೇ, ಪಾಠ ಮಾಡುವವರು ಇದ್ದಾರೆಯೇ ಎಂಬುದರಿಂದ ಆಗುತ್ತದೆ. ತರಗತಿಯೇ ಹೋದರೆ ಹಳೆಯ ಲೆಕ್ಕ ಪೂರ್ತಿ ಮರಳುತ್ತದೆ: ಮೈಸೂರು, ಕೋಣೆ, ಮೆಸ್ಸು, ಮುಂಗಡ. ಮಗನನ್ನಾದರೂ ಕಳಿಸೋಣ ಎಂದು ಕೊಬ್ಬರಿ ಮಾರುವ ಮನೆಯಲ್ಲಿ ಮಗಳ ಸರದಿ ಆಮೇಲೆ ಬರುತ್ತದೆ, ಅಥವಾ ಬರುವುದೇ ಇಲ್ಲ.

ಹಿರೀಸಾವೆಯಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರು. ಹೋಗಿಬರುವುದಕ್ಕೆ ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲ. ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲದ ಹುಡುಗಿ ಈ ಮೂರು ಗಂಟೆಯನ್ನು ಕೊಡುತ್ತಾಳೆ. ಪ್ರಯೋಗಾಲಯ ಸಂಜೆ ಐದಕ್ಕೆ ಮುಗಿದರೆ ಊರು ಸೇರುವಾಗ ಕತ್ತಲಾಗಿರುತ್ತದೆ. ಗ್ರಂಥಾಲಯದಲ್ಲಿ ಒಂದು ಗಂಟೆ ಹೆಚ್ಚು ಕೂರಬೇಕೆಂದರೆ ಹಾಸನದಲ್ಲಿ ಅವಳಿಗೆ ಒಂದು ಹಾಸಿಗೆಯ ಜಾಗ ಬೇಕು.