ಮೇಷ್ಟ್ರ ಗಂಟೆಯಿಂದ ಮೀಟರಿನ ಮಿಣುಕಿನವರೆಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನನ್ನ ಕಸುಬಿನ ಬಗ್ಗೆ ಬರೆಯಲು ಸಮಿತಿಯ ಹಿರಿಯರು ಹೇಳಿದಾಗ, ಮನೆಯ ವಿದ್ಯುತ್ತನ್ನು ಯಂತ್ರವೇ ನಿಭಾಯಿಸುವ ‘ಹೋಮ್ ಆಟೊಮೇಷನ್’ ಚರಿತ್ರೆಯನ್ನು ಆರಿಸಿಕೊಂಡೆ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನಗೆ ಇದರಲ್ಲಿ ತುಂಬಾ ಹಿಡಿಸಿದ ಸಂಗತಿಯೆಂದರೆ, ಇದರ ಒಂದು ಬೇರು ಶಾಲೆಯಲ್ಲಿದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ, ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರಿದ್ದರು. ಕೊಠಡಿ ಎಷ್ಟು ಬೆಚ್ಚಗಿದೆಯೆಂದು ನೋಡಲು ಜವಾನ ಪಾಠದ ನಡುವೆ ಒಳಗೆ ಬರಬೇಕಾಗುತ್ತಿತ್ತು. ಇದನ್ನು ತಪ್ಪಿಸಲು ಜಾನ್ಸನ್, ಉಷ್ಣಾಂಶ ಬದಲಾದೊಡನೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ ಸಾಧನ ತಯಾರಿಸಿ, 1883ರಲ್ಲಿ ಪೇಟೆಂಟ್ ಪಡೆದರು. ಅಳೆದು ನೋಡಿ, ಬೇಕಾದಷ್ಟೇ ಉರಿಸುವುದು. ಇಂದಿನ ಸ್ಮಾರ್ಟ್ ಮನೆಯ ತತ್ವವೂ ಇಷ್ಟೇ.

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. 1966ರಲ್ಲಿ ಅಮೆರಿಕದ ಎಂಜಿನಿಯರ್ ಜಿಮ್ ಸದರ್‌ಲ್ಯಾಂಡ್ ತಮ್ಮ ಮನೆಯಲ್ಲೇ ‘ಎಕೋ 4’ ಎಂಬ ಕಂಪ್ಯೂಟರ್ ಕಟ್ಟಿದರು. 1975ರಲ್ಲಿ ಸ್ಕಾಟ್ಲೆಂಡಿನ ಪೈಕೊ ಕಂಪನಿ, ಮನೆಯ ವೈರಿನಲ್ಲೇ ಸಂಕೇತ ಕಳಿಸಿ ದೀಪ ಆರಿಸುವ ‘ಎಕ್ಸ್10’ ವಿಧಾನ ರೂಪಿಸಿತು. ನಮ್ಮ ರೈತರಿಗೂ ಇದು ಹೊಸದಲ್ಲ: ಕರೆಂಟು ಬಂದೊಡನೆ ಮೋಟಾರು ಹಾಕುವ ಆಟೊ ಸ್ಟಾರ್ಟರ್ ಇದೇ ಜಾತಿಯದು.

ಉಳಿತಾಯದ ಲೆಕ್ಕ ನೋಡಿ. ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟ್ ಬುರುಡೆ ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ. 9 ವ್ಯಾಟ್ ಎಲ್‌ಇಡಿ ಒಂದೂವರೆ ಯೂನಿಟ್ಟಿಗೂ ಕಡಿಮೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕದ ಬೆಲೆ ಹೆಚ್ಚಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಆದರೆ ಎಷ್ಟು ಬಳಸಿದೆವೆಂದು ಹೆಚ್ಚಿನ ಮನೆಗಳಲ್ಲಿ ತಿಳಿಯುವುದು ಬಿಲ್ ಕೈಗೆ ಬಂದಾಗಲೇ.

ಇದನ್ನು ನಮ್ಮ ಶಾಲೆಯ ಮಕ್ಕಳೇ ಬದಲಿಸಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಣ್ಣ ಕೆಂಪು ದೀಪ ಮಿಣುಕುವುದನ್ನು ನೋಡಿದ್ದೀರಿ. ಮೀಟರಿನ ಮೇಲೆ 3200 ಎಂದಿದ್ದರೆ, 3200 ಮಿಣುಕಿಗೆ ಒಂದು ಯೂನಿಟ್. ಬೆಳಕು ಗುರುತಿಸುವ ಸೆನ್ಸರನ್ನು ಅದರ ಎದುರಿಗಿಟ್ಟು, ವಿದ್ಯಾರ್ಥಿಗಳಿಗಾಗಿಯೇ 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡಿಗೆ ಜೋಡಿಸಿದರೆ ಮಿಣುಕುಗಳನ್ನು ಎಣಿಸಬಹುದು. ದಿನದ ಬಳಕೆ 6 ಯೂನಿಟ್ ಮೀರಿದರೆ ಬಜರ್ ಕೂಗಲಿ. ಮೀಟರು ಬಿಚ್ಚುವಂತಿಲ್ಲ, ವೈರು ಮುಟ್ಟುವಂತಿಲ್ಲ. ವಿಜ್ಞಾನ ಶಿಕ್ಷಕರು ಜೊತೆಗಿರಬೇಕು.

ಇದರ ಪ್ರೋಗ್ರಾಂ ಒಂದು ಪುಟ ಮೀರದು. ಬರೆಯಲು ಮುಂದೆ ಬರುವ ಒಂಬತ್ತನೇ ತರಗತಿಯ ಮಕ್ಕಳಿಗೆ ರಜೆಯಲ್ಲಿ ಊರಿಗೆ ಬಂದಾಗ ಹೇಳಿಕೊಡಲು ನಾನು ಸಿದ್ಧ. ಮೊದಲ ಸಾಧನ ಶಾಲೆಯ ಮೀಟರಿನ ಎದುರಿಗೇ ಇರಲಿ.