ಪ್ರತಿಕಾಯ ಚಿಕಿತ್ಸೆ ಮತ್ತು ಪ್ರಾಣಿಪ್ರಭೇದ: 2006ರ ಲಂಡನ್ ಪ್ರಯೋಗದ ಪಾಠ

ಪ್ರಾಣಿಯಲ್ಲಿ ನಿರಪಾಯಕರವಾಗಿ ಕಂಡ ಔಷಧವು ಮನುಷ್ಯನಲ್ಲಿಯೂ ಹಾಗೆಯೇ ಇರುವುದೆಂಬ ನಂಬಿಕೆ ವೈದ್ಯಸಂಶೋಧನೆಯಲ್ಲಿ ಆಳವಾಗಿ ಬೇರೂರಿದೆ. ಅದರ ಎಲ್ಲೆ ಯಾವುದೆಂಬುದನ್ನು ಪ್ರತಿಕಾಯಗಳ ಚರಿತ್ರೆಯಿಂದ ನಾವು ಅರಿಯಬಹುದು.

1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು ಇಲಿಯ ಜೀವಕೋಶಗಳಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ವಿಧಾನವನ್ನು ರೂಪಿಸಿದರು. ಆದರೆ ಇಲಿಯ ಪ್ರತಿಕಾಯವನ್ನು ಮಾನವ ದೇಹವು ಪರಕೀಯವೆಂದು ಗುರುತಿಸಿ ಪ್ರತಿಭಟಿಸಿತು. ಅಣುವಿನ ಬಹುಭಾಗವನ್ನು ಮಾನವ ರೂಪಕ್ಕೆ ಮಾರ್ಪಡಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ತಗ್ಗಿತು. ಆಗ ಇನ್ನೊಂದು ಪ್ರಶ್ನೆ ಉಳಿಯಿತು: ಮನುಷ್ಯನಿಗಾಗಿ ಸಿದ್ಧವಾದ ಪ್ರತಿಕಾಯವನ್ನು ಯಾವ ಪ್ರಾಣಿಯಲ್ಲಿ ಪರೀಕ್ಷಿಸಬೇಕು?

ಟಿಜಿಎನ್ 1412 ಎಂಬ ಪ್ರತಿಕಾಯವು ರೋಗನಿರೋಧಕ ಟಿ-ಕಣಗಳ ಮೇಲಿನ ಸಿಡಿ28 ಎಂಬ ಗ್ರಾಹಕವನ್ನು ಹಿಡಿದು ಆ ಕಣಗಳನ್ನು ಪ್ರಚೋದಿಸುವಂಥದು. ಈ ಗ್ರಾಹಕದ ಹೊರಭಾಗದ ರಚನೆ ಮನುಷ್ಯನಲ್ಲಿಯೂ ಮಕಾಕ್ ಕೋತಿಯಲ್ಲಿಯೂ ಒಂದೇ ಆಗಿದ್ದುದರಿಂದ ಕೋತಿಯನ್ನು ಆರಿಸಿದರು. ಕಿಲೋಗ್ರಾಂ ತೂಕಕ್ಕೆ 50 ಮಿಲಿಗ್ರಾಂ ಕೊಟ್ಟರೂ ಕೋತಿಗಳಿಗೆ ಗಂಭೀರ ಅಪಾಯವಾಗಲಿಲ್ಲ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಅದರ 500ನೆಯ ಒಂದು ಪಾಲನ್ನು, ಎಂದರೆ 0.1 ಮಿಲಿಗ್ರಾಮನ್ನು, ಸುಮಾರು ಹತ್ತು ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಡಲಾಯಿತು. ಸುಮಾರು ಒಂದೂವರೆ ಗಂಟೆಯೊಳಗೆ ಆರು ಮಂದಿಯೂ ಅಸ್ವಸ್ಥರಾದರು. ಅವರ ರಕ್ತದಲ್ಲಿ ಸೈಟೊಕೈನುಗಳು ಪ್ರವಾಹದಂತೆ ಏರಿ ಅನೇಕ ಅಂಗಗಳ ಕಾರ್ಯ ಕುಸಿಯಿತು. ಎಲ್ಲರೂ ಬದುಕಿ ಉಳಿದರಾದರೂ ಒಬ್ಬರು ಕೈಕಾಲುಗಳ ಬೆರಳುಗಳನ್ನು ಕಳೆದುಕೊಂಡರು.

ಔಷಧದಲ್ಲಿ ಕಲಬೆರಕೆಯಾಗಲಿ ಪ್ರಮಾಣದಲ್ಲಿ ತಪ್ಪಾಗಲಿ ತನಿಖೆಯಲ್ಲಿ ಕಂಡುಬರಲಿಲ್ಲ. ಕಾರಣವು ಸ್ಪಷ್ಟವಾಗತೊಡಗಿದ್ದು 2010ರಲ್ಲಿ. ಹಿಂದಿನ ಸೋಂಕುಗಳ ನೆನಪನ್ನುಳಿಸಿಕೊಂಡು ತಟ್ಟನೆ ಕಾರ್ಯೋನ್ಮುಖವಾಗುವ ಒಂದು ವರ್ಗದ ಟಿ-ಕಣಗಳ ಮೇಲೆ ಮನುಷ್ಯನಲ್ಲಿ ಸಿಡಿ28 ಇರುತ್ತದೆ. ಮಕಾಕ್ ಕೋತಿಯ ಅದೇ ವರ್ಗದ ಕಣಗಳ ಮೇಲೆ ಅದು ಇಲ್ಲವೆಂದು ಬ್ರಿಟಿಷ್ ಸಂಶೋಧಕರು ತೋರಿಸಿದರು. ಬೀಗ ಎರಡು ಮನೆಗಳಲ್ಲಿಯೂ ಒಂದೇ ಬಗೆಯದು. ಆದರೆ ಅದನ್ನು ಹಾಕಿದ ಬಾಗಿಲು ಬೇರೆ.

ಇದರಿಂದ ಪ್ರಾಣಿಪ್ರಯೋಗವು ನಿರರ್ಥಕವೆಂದು ಸಿದ್ಧವಾಗುವುದಿಲ್ಲ. ರಚನೆಯ ಸಾಮ್ಯವು ಕ್ರಿಯೆಯ ಸಾಮ್ಯಕ್ಕೆ ಪ್ರಮಾಣವಲ್ಲವೆಂಬುದು ಮಾತ್ರ ಸಿದ್ಧವಾಗುತ್ತದೆ. ಅನಂತರ ಬಂದ ಮಾರ್ಗಸೂಚಿಗಳು ಇಂಥ ಔಷಧಗಳ ಮೊದಲ ಪ್ರಮಾಣವನ್ನು ನಿಗದಿಮಾಡುವಾಗ ಪ್ರಾಣಿಯು ಸಹಿಸಿದ ಗರಿಷ್ಠವನ್ನಷ್ಟೇ ನೆಚ್ಚದೆ, ಮಾನವ ಜೀವಕೋಶದಲ್ಲಿ ಪರಿಣಾಮ ತೋರುವ ಕನಿಷ್ಠವನ್ನೂ ಗಣನೆಗೆ ತಂದುವು. ಮೊದಲು ಒಬ್ಬರಿಗೆ ಮಾತ್ರ ಕೊಟ್ಟು ಕಾದು ನೋಡಬೇಕೆಂದುವು. ಆ ಆರು ಮಂದಿ ತೆತ್ತ ಬೆಲೆಯಿಂದ ಈ ಎಚ್ಚರಿಕೆ ದೊರೆತುದೆಂಬುದನ್ನು ಸಂಶೋಧನೆಗೆ ತೊಡಗುವ ನಾವೆಲ್ಲರೂ ನೆನೆಯತಕ್ಕದ್ದು.