ಕುರುವಿನ ಚರಿತ್ರೆ ಕಲಿಸುವ ಪಾಠ

ಬೇಸಿಗೆ ಬಂತೆಂದರೆ ನಮ್ಮ ತರಗತಿಗಳಲ್ಲಿ ಕುರು ಎದ್ದ ಮಕ್ಕಳು ಒಬ್ಬಿಬ್ಬರಾದರೂ ಇರುತ್ತಾರೆ. ಮಾವಿನ ಹಣ್ಣು ತಿಂದು ಉಷ್ಣವಾಯಿತು ಎನ್ನುತ್ತಾರೆ ಮನೆಯವರು. ನಾವೂ ಅದನ್ನೇ ಕೇಳಿ ಬೆಳೆದವರು. ಆದರೆ ಕೀವಿನೊಳಗೆ ಏನಿದೆ ಎಂದು ನೋಡಿದವರ ಚರಿತ್ರೆಯೇ ಬೇರೆ.

ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪರೀಕ್ಷಿಸಿ, ದುಂಡನೆಯ ಜೀವಾಣುಗಳನ್ನು ಕಂಡು 1880ರಲ್ಲಿ ಜಗತ್ತಿಗೆ ತಿಳಿಸಿದರು. ದ್ರಾಕ್ಷಿ ಗೊಂಚಲಿನಂತೆ ಕಂಡದ್ದರಿಂದ 1882ರಲ್ಲಿ 'ಸ್ಟ್ಯಾಫಿಲೋಕಾಕಸ್' ಎಂದು ಹೆಸರಿಟ್ಟರು. ಕಾರಣವೇನೋ ತಿಳಿಯಿತು, ಕೊಲ್ಲುವ ಮದ್ದು ಸಿಗಲಿಲ್ಲ. ಶಾಖ ಕೊಡುವುದು, ಹಣ್ಣಾದಾಗ ಸೀಳಿ ಕೀವು ತೆಗೆಯುವುದು, ಇವೇ ಮುಖ್ಯ ಉಪಾಯ.

1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 43 ವರ್ಷದ ಪೊಲೀಸ್ ಆಲ್ಬರ್ಟ್ ಅಲೆಕ್ಸಾಂಡರ್ ಆಸ್ಪತ್ರೆಯಲ್ಲಿದ್ದರು. ಮುಖದ ಸಣ್ಣ ಗಾಯ ಕೀವಾಗಿ ಹರಡಿ, ಒಂದು ಕಣ್ಣನ್ನೇ ತೆಗೆಯಬೇಕಾಗಿತ್ತು. ಗುಲಾಬಿ ಮುಳ್ಳು ಗೀಚಿದ್ದೇ ಕಾರಣ ಎಂಬುದು ಪ್ರಸಿದ್ಧ ಕಥೆ. ಬಾಂಬ್ ದಾಳಿಯಲ್ಲಾದ ಗಾಯ ಎಂದು ಅವರ ಮಗಳು ಮುಂದೆ ಹೇಳಿದರು. ಫೆಬ್ರವರಿ 12ರಂದು ಫ್ಲೋರಿ ಮತ್ತು ಚೈನ್ ಅವರ ತಂಡ ಸಿದ್ಧಪಡಿಸಿದ ಪೆನಿಸಿಲಿನ್ ಕೊಡಲಾಯಿತು. ಜ್ವರ ಇಳಿಯಿತು, ಹಸಿವು ಮರಳಿತು. ಮದ್ದು ಎಷ್ಟು ಅಪರೂಪವೆಂದರೆ, ಅವರ ಮೂತ್ರದಿಂದಲೇ ಅದನ್ನು ಮತ್ತೆ ಸೋಸಿ ತೆಗೆಯುತ್ತಿದ್ದರು! ಕೆಲವೇ ದಿನಗಳಲ್ಲಿ ಅದೂ ಮುಗಿಯಿತು. ರೋಗ ಮರುಕಳಿಸಿ ಮಾರ್ಚ್ 15ರಂದು ಅವರು ತೀರಿಕೊಂಡರು.

ಅಂದು ಮದ್ದು ಸಾಲದೆ ಸಾವು. ಮುಂದೆ ಮದ್ದು ಧಾರಾಳವಾಯಿತು, ಆಗ ಇನ್ನೊಂದು ಸಂಕಟ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಹೆಚ್ಚುತ್ತಿರುವುದನ್ನು 1940ರ ದಶಕದ ಕೊನೆಯಲ್ಲೇ ಲಂಡನ್ನಿನ ಮೇರಿ ಬಾರ್ಬರ್ ತೋರಿಸಿಕೊಟ್ಟರು. ಅದಕ್ಕೆಂದು ಬಂದ ಮೆಥಿಸಿಲಿನ್‌ಗೂ ಮಣಿಯದ ತಳಿಗಳು 1961ರಲ್ಲಿ ವರದಿಯಾದವು.

ಇದರಿಂದ ನಾವು ಕಲಿಯಬೇಕಾದದ್ದೇನು? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು. ಸಣ್ಣ ಕುರುವಿಗೆ ಬಿಸಿ ಬಟ್ಟೆಯ ಶಾಖ, ಸ್ವಚ್ಛತೆ ಎಷ್ಟೋ ಸಲ ಸಾಕು. ದೊಡ್ಡದಾದರೆ ವೈದ್ಯರು ಸೀಳಿ ಕೀವು ತೆಗೆಯುವುದೇ ಇಂದಿಗೂ ಮುಖ್ಯ ಚಿಕಿತ್ಸೆ. ಮನೆಯಲ್ಲಿ ಹಿಸುಕಬಾರದು. ಜ್ವರ ಬಂದರೆ, ಕೆಂಪು ಹರಡಿದರೆ, ಮುಖದ ಮೇಲೆದ್ದರೆ, ಸಕ್ಕರೆ ಕಾಯಿಲೆಯಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ನಾವೇ ಎರಡು ಮಾತ್ರೆ ತಂದು ನುಂಗುವ ಅಭ್ಯಾಸ ಬಿಡೋಣ. ವೈದ್ಯರು ಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳೋಣ. ಆಲ್ಬರ್ಟರಿಗೆ ಸಾಲದೆ ಹೋದ ಮದ್ದು ನಮ್ಮ ಮಕ್ಕಳ ಕಾಲಕ್ಕೂ ಕೆಲಸ ಮಾಡಬೇಕಲ್ಲವೇ?